ಮಧ್ಯಯುಗದ ವಿಶ್ವಕಲ್ಪನೆ ಮತ್ತು ಕ್ರೈಸ್ತ ಅದ್ಭುತ ಸಾಹಿತ್ಯ

ಭೂಮಿಯನ್ನು ನಡುವೆ ಇಟ್ಟು, ಅದರ ಸುತ್ತ ಒಂದನ್ನೊಂದು ಒಳಗೊಂಡ ಪಾರದರ್ಶಕ ಗೋಳಗಳನ್ನೂ ಅವುಗಳಾಚೆ ದೇವರ ನೆಲೆಯನ್ನೂ ಕಲ್ಪಿಸಿಕೊಂಡ ಜಗತ್ತಿನ ಚಿತ್ರವನ್ನು ಪಶ್ಚಿಮ ಯುರೋಪಿನ ಮಧ್ಯಯುಗದ ವಿಶ್ವಕಲ್ಪನೆ ಎನ್ನುತ್ತಾರೆ. ಸುಮಾರು ಸಾವಿರ ವರ್ಷ ಅಲ್ಲಿನ ವಿದ್ವಾಂಸರು, ಕವಿಗಳು, ವೈದ್ಯರು, ಪಾದ್ರಿಗಳು ಆಕಾಶ ನೋಡಿದ್ದು ಈ ಚಿತ್ರದ ಮೂಲಕವೇ. ವಿಜ್ಞಾನವಾಗಿ ಅದು 17ನೆಯ ಶತಮಾನದಲ್ಲಿ ಬಿದ್ದುಹೋಯಿತು, ಕಥೆಯಾಗಿ ಬೀಳಲಿಲ್ಲ. ಡಾಂಟೆಯ ಮಹಾಕಾವ್ಯದಿಂದ ಸಿ. ಎಸ್. ಲೂಯಿಸನ ನಾರ್ನಿಯಾ ಕಥೆಗಳವರೆಗೆ ಕ್ರೈಸ್ತ ನಂಬಿಕೆಯುಳ್ಳ ಲೇಖಕರ ಅದ್ಭುತ ಕಥನಕ್ಕೆ ನೆಲ, ಮುಗಿಲು, ಪಾತ್ರವರ್ಗ ಮೂರನ್ನೂ ಒದಗಿಸಿದ್ದು ಈ ಹಳೆಯ ಆಕಾಶವೇ. ಅದು ಸುಳ್ಳೆಂದು ಚೆನ್ನಾಗಿ ತಿಳಿದಿದ್ದವರೇ ಅದನ್ನು ಎಲ್ಲರಿಗಿಂತ ಜಾಣತನದಿಂದ ಬಳಸಿದರೆಂಬುದು ಗಮನಿಸಬೇಕಾದ ಸಂಗತಿ.

ಆಕರಗಳು

ಈ ಚಿತ್ರ ಬೈಬಲಿನಿಂದ ಬಂದದ್ದಲ್ಲ. ಅರಿಸ್ಟಾಟಲನ ಭೌತಶಾಸ್ತ್ರ, ಅಲೆಕ್ಸಾಂಡ್ರಿಯದಲ್ಲಿ ಕ್ರಿ.ಶ. 2ನೆಯ ಶತಮಾನದಲ್ಲಿ ಬಾಳಿದ ಟಾಲೆಮಿಯ ಗಣಿತ, ಪ್ಲೇಟೋನ ಸೃಷ್ಟಿಕಥೆ ಮೂರೂ ಸೇರಿ ಇದರ ತಳಪಾಯವಾದವು. ಮಧ್ಯಯುಗದ ಮೊದಲ ಶತಮಾನಗಳಲ್ಲಿ ಲ್ಯಾಟಿನ್ ಓದುಗರಿಗೆ ಪ್ಲೇಟೋ ಸಿಕ್ಕಿದ್ದು ಕ್ಯಾಲ್ಸಿಡಿಯಸ್ ಮಾಡಿದ ‘ಟಿಮೇಯಸ್’ನ ಅಪೂರ್ಣ ಅನುವಾದದಲ್ಲಿ. ಸಿಸೆರೋ ಬರೆದ ‘ಸ್ಕಿಪಿಯೋನ ಕನಸು’ ಉಳಿದುಬಂದದ್ದು ಮ್ಯಾಕ್ರೋಬಿಯಸ್ ಅದಕ್ಕೆ ಬರೆದ ವ್ಯಾಖ್ಯಾನದ ಕೃಪೆಯಿಂದ. 12ನೆಯ ಶತಮಾನದಿಂದ ಅರಬ್ಬಿ ಗ್ರಂಥಗಳು ಲ್ಯಾಟಿನ್ನಿಗೆ ಬರತೊಡಗಿದವು. ಅವುಗಳಲ್ಲಿ ಅಲ್-ಫರ್ಗಾನಿಯ ಖಗೋಳ ಕೈಪಿಡಿ ಮುಖ್ಯವಾದದ್ದು. ಡಾಂಟೆ ಲೆಕ್ಕಗಳನ್ನು ತೆಗೆದುಕೊಂಡಿದ್ದು ಅದರಿಂದಲೇ. 13ನೆಯ ಶತಮಾನದಲ್ಲಿ ಸಾಕ್ರೊಬೋಸ್ಕೋ ಬರೆದ ‘ಗೋಳವನ್ನು ಕುರಿತು’ ಎಂಬ ಸಣ್ಣ ಪುಸ್ತಕ ವಿಶ್ವವಿದ್ಯಾಲಯಗಳ ಪಠ್ಯವಾಯಿತು. ಅದರ ಹೆಸರೇ ಹೇಳುವಂತೆ ಓದಿದವರೆಲ್ಲ ಭೂಮಿ ಉಂಡೆಯೆಂದೇ ನಂಬಿದ್ದರು. ಮಧ್ಯಯುಗದವರಿಗೆ ಭೂಮಿ ಚಪ್ಪಟೆಯಾಗಿತ್ತೆಂಬ ಮಾತು 19ನೆಯ ಶತಮಾನದಲ್ಲಿ ಹರಡಿದ ಕಟ್ಟುಕಥೆ. ವಾಷಿಂಗ್ಟನ್ ಇರ್ವಿಂಗ್ 1828ರಲ್ಲಿ ಪ್ರಕಟಿಸಿದ ಕೊಲಂಬಸನ ಚರಿತ್ರೆ ಅದಕ್ಕೆ ರೆಕ್ಕೆ ಕಟ್ಟಿತು.

ಗೋಳಗಳ ಏರ್ಪಾಡು

ನಡುವಿನಲ್ಲಿ ಭೂಮಿ. ಅದರಿಂದಾಚೆಗೆ ಕ್ರಮವಾಗಿ ಚಂದ್ರ, ಬುಧ, ಶುಕ್ರ, ಸೂರ್ಯ, ಕುಜ, ಗುರು, ಶನಿ ಇವರ ಏಳು ಗೋಳಗಳು. ಎಂಟನೆಯದು ನಕ್ಷತ್ರಗಳ ಗೋಳ. ಒಂಬತ್ತನೆಯದರಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ. ಉಳಿದೆಲ್ಲವನ್ನೂ ತಿರುಗಿಸುವ ಆದಿಚಾಲಕ ಗೋಳ ಅದು. ಅದರಾಚೆಗೆ ಎಂಪೀರಿಯನ್, ದೇವರ ನೆಲೆ. ಅಲ್ಲಿ ಸ್ಥಳವೂ ಇಲ್ಲ, ಕಾಲವೂ ಇಲ್ಲ, ಬರೀ ಬೆಳಕು.

ಕನ್ನಡ ಓದುಗರಿಗೆ ಈ ಏಳರ ಸಾಲು ಅಪರಿಚಿತವಲ್ಲ. ರಾಹು ಕೇತುಗಳನ್ನು ಬಿಟ್ಟರೆ ನಮ್ಮ ನವಗ್ರಹಗಳಲ್ಲಿ ಉಳಿಯುವವರು ಇವರೇ. ವಾರದ ದಿನಗಳ ಸರದಿಯೂ ಈ ಗೋಳಕ್ರಮದಿಂದ ಹುಟ್ಟಿದ್ದು. ಶನಿಯಿಂದ ಚಂದ್ರನವರೆಗೆ ಇಳಿಯುತ್ತ ದಿನದ ಇಪ್ಪತ್ತನಾಲ್ಕು ತಾಸುಗಳನ್ನು ಒಂದೊಂದು ಗ್ರಹಕ್ಕೆ ಒಪ್ಪಿಸುತ್ತ ಹೋಗಬೇಕು. ಶನಿವಾರದ ಮೊದಲ ತಾಸು ಶನಿಯದಾದರೆ ಮರುದಿನದ ಮೊದಲ ತಾಸು ಸೂರ್ಯನದು, ಅದರ ಮರುದಿನ ಚಂದ್ರನದು. ಪಂಚಾಂಗದಲ್ಲಿ ಇವತ್ತಿಗೂ ಅಚ್ಚಾಗುವ ‘ಹೋರಾ’ ಎಂಬ ಪದ ಗ್ರೀಕಿನಿಂದ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ. ಯುರೋಪಿನ ಮಧ್ಯಯುಗವೂ ನಮ್ಮ ಜ್ಯೋತಿಷವೂ ಒಂದೇ ಹೆಲೆನಿಸ್ಟಿಕ್ ಬಾವಿಯ ನೀರು ಕುಡಿದವು. ಅಲ್ಲಿಯೂ ಶನಿ ಮಹಾ ಅಶುಭ, ಗುರು ಮಹಾ ಶುಭ. ಗುರುಬಲ ಬಂತೆಂದು ಮದುವೆಯ ಮಾತೆತ್ತುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಂದ್ರನ ಗೋಳ ಈ ವಿಶ್ವದ ದೊಡ್ಡ ಗಡಿ. ಅದರ ಕೆಳಗೆ ಮಣ್ಣು, ನೀರು, ಗಾಳಿ, ಬೆಂಕಿ ನಾಲ್ಕು ಭೂತಗಳ ಬೆರಕೆ. ಹುಟ್ಟು, ಸಾವು, ಆಕಸ್ಮಿಕ, ಅದೃಷ್ಟಗಳೆಲ್ಲ ಅಲ್ಲಿನ ಮಾತು. ಅದರ ಮೇಲೆ ಐದನೆಯ ಧಾತುವಾದ ಈಥರ್; ಅಲ್ಲಿ ಏನೂ ಕೆಡುವುದಿಲ್ಲ, ಎಲ್ಲವೂ ತಪ್ಪದೆ ಸುತ್ತುತ್ತದೆ. ಹಾಗಾಗಿ ನಡುವಿನಲ್ಲಿ ಇರುವುದು ಭೂಮಿಗೆ ಗೌರವವಲ್ಲ. ಭಾರವಾದದ್ದೆಲ್ಲ ಇಳಿದು ನಿಲ್ಲುವ ತಳ ಅದು. ಕೋಪರ್ನಿಕಸ್ ಮನುಷ್ಯನನ್ನು ಸಿಂಹಾಸನದಿಂದ ಇಳಿಸಿದನೆಂದು ಪಠ್ಯಪುಸ್ತಕಗಳು ಹೇಳುವಾಗ ಈ ಮಾತನ್ನು ಮರೆತುಬಿಡುತ್ತವೆ.

ಗಾತ್ರದ ವಿಷಯದಲ್ಲಿಯೂ ಹಾಗೆಯೇ. ನಕ್ಷತ್ರಗೋಳದ ಮುಂದೆ ಭೂಮಿ ಒಂದು ಚುಕ್ಕೆ ಎಂದು ಟಾಲೆಮಿಯೇ ಹೇಳಿದ್ದ. ಅಲ್-ಫರ್ಗಾನಿಯ ಲೆಕ್ಕದಲ್ಲಿ ನಕ್ಷತ್ರಗಳಿರುವುದು ಭೂಮಿಯ ತ್ರಿಜ್ಯದ ಸುಮಾರು 20,000 ಪಟ್ಟು ದೂರದಲ್ಲಿ. ಇಂಗ್ಲೆಂಡಿನ ಸಂತಚರಿತ್ರೆಗಳ ಒಂದು ಮಧ್ಯಯುಗದ ಸಂಗ್ರಹ ಇದನ್ನೇ ಜನಸಾಮಾನ್ಯರಿಗೆ ತಿಳಿಯುವಂತೆ ಲೆಕ್ಕ ಹಾಕುತ್ತದೆ: ದಿನಕ್ಕೆ ನಲವತ್ತು ಮೈಲಿಗಿಂತ ತುಸು ಹೆಚ್ಚು ಏರುತ್ತ ಹೋದವನು 8,000 ವರ್ಷ ಕಳೆದರೂ ನಕ್ಷತ್ರಗಳನ್ನು ಮುಟ್ಟಲಾರ. ವಿಶ್ವ ದೊಡ್ಡದು, ಆದರೆ ಅದಕ್ಕೆ ಗೋಡೆಯಿತ್ತು. ದೊಡ್ಡ ದೇವಾಲಯದೊಳಗೆ ನಿಂತವನಿಗೆ ತಾನು ಚಿಕ್ಕವನೆನಿಸಬಹುದು, ದಾರಿ ತಪ್ಪಿದೆನೆಂದು ಎನಿಸುವುದಿಲ್ಲ.

ಈ ಗೋಳಗಳು ಖಾಲಿಯಿರಲಿಲ್ಲ. ಒಂದೊಂದನ್ನೂ ತಿರುಗಿಸುವ ಒಂದೊಂದು ಚೇತನವಿದೆಯೆಂಬುದು ಅರಿಸ್ಟಾಟಲನಿಂದ ಬಂದ ವಿಚಾರ. ಕ್ರೈಸ್ತರು ಆ ಚೇತನಗಳನ್ನು ದೇವದೂತರೊಂದಿಗೆ ಹೊಂದಿಸಿಕೊಂಡರು. ಸುಮಾರು 500ರಲ್ಲಿ ಡಯೊನೀಸಿಯಸನ ಹೆಸರಿಟ್ಟುಕೊಂಡು ಬರೆದ ಅಜ್ಞಾತ ಲೇಖಕನೊಬ್ಬ ದೇವದೂತರನ್ನು ಸೆರಾಫಿಯರಿಂದ ಹಿಡಿದು ಮೂರು ಮೂರರಂತೆ ಒಂಬತ್ತು ವರ್ಗ ಮಾಡಿಟ್ಟಿದ್ದ. ಒಂಬತ್ತು ವರ್ಗ, ಒಂಬತ್ತು ಗೋಳ: ಲೆಕ್ಕ ತಾನಾಗಿಯೇ ಕೂಡಿಬಂತು. ಗ್ರಹಗಳ ಪ್ರಭಾವ ಭೂಮಿಗೆ ಇಳಿದು ಲೋಹಗಳಾಗುತ್ತದೆ, ಸ್ವಭಾವಗಳಾಗುತ್ತದೆ, ರೋಗಗಳೂ ಆಗುತ್ತದೆ ಎಂಬ ನಂಬಿಕೆಯಿತ್ತು. ‘ಇನ್‌ಫ್ಲುಯೆಂಜಾ’ ಎಂಬ ಜ್ವರದ ಹೆಸರು ಆ ‘ಪ್ರಭಾವ’ದ್ದೇ ಇಟಾಲಿಯನ್ ರೂಪ. ಗ್ರಹಗಳು ಮನುಷ್ಯನ ದೇಹವನ್ನು ಬಾಗಿಸಬಲ್ಲವು, ಸಂಕಲ್ಪವನ್ನು ಕಟ್ಟಿಹಾಕಲಾರವು ಎಂದು ಥಾಮಸ್ ಅಕ್ವೈನಸ್ ಗೆರೆ ಎಳೆದ. ಗೋಳಗಳ ಚಲನೆಯಿಂದ ಹುಟ್ಟುವ ಸಂಗೀತದ ಕಲ್ಪನೆ ಪೈಥಾಗೊರಸನ ಪಂಥದ್ದು. ಬೊಯೀಥಿಯಸ್ ಅದನ್ನು ‘ವಿಶ್ವಸಂಗೀತ’ವೆಂದು ಕರೆದು, ಮನುಷ್ಯನ ಹಾಡಿಗೂ ವಾದ್ಯಕ್ಕೂ ಮೇಲೆ ಕೂರಿಸಿದ.

1277ರಲ್ಲಿ ಪ್ಯಾರಿಸ್ಸಿನ ಬಿಷಪ್ ಎತಿಯೆನ್ ತಾಂಪಿಯೇ ಅರಿಸ್ಟಾಟಲನ ಗುಂಗಿನಲ್ಲಿದ್ದ ಅಧ್ಯಾಪಕರ 219 ವಾದಗಳನ್ನು ಖಂಡಿಸಿದ. ದೇವರು ಒಂದಕ್ಕಿಂತ ಹೆಚ್ಚು ಜಗತ್ತುಗಳನ್ನು ಸೃಷ್ಟಿಸಲಾರ ಎಂಬುದು ಆ ಪಟ್ಟಿಯಲ್ಲಿದ್ದ ಒಂದು ವಾದ. ಜಗತ್ತುಗಳು ಹಲವಿವೆಯೆಂದು ಬಿಷಪ್ಪನೇನೂ ಹೇಳಲಿಲ್ಲ. ಇರಬಾರದೆಂದು ದೇವರಿಗೆ ಅಪ್ಪಣೆ ಕೊಡಬೇಡಿ ಎಂದ, ಅಷ್ಟೆ. ಬೇರೆ ಜಗತ್ತುಗಳ ಕಥೆ ಹೆಣೆದ ಮುಂದಿನ ಕ್ರೈಸ್ತ ಲೇಖಕರಿಗೆ ಇದಕ್ಕಿಂತ ಒಳ್ಳೆಯ ಪರವಾನಗಿ ಬೇಕಿರಲಿಲ್ಲ.

ಡಾಂಟೆ

ಈ ವಿಶ್ವವನ್ನು ಆಮೂಲಾಗ್ರವಾಗಿ ನಡೆದು ನೋಡಿದ ಕವಿ ಡಾಂಟೆ (1265–1321). ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನ ಆರಂಭದಲ್ಲಿ ಹೋಮರ್, ವರ್ಜಿಲ್, ಮಿಲ್ಟನ್ನರೊಡನೆ ನೆನೆದು ವಂದಿಸಿದ ಕವಿ ಈತ. ‘ಡಿವೈನ್ ಕಾಮೆಡಿ’ಯ ಯಾತ್ರೆ 1300ರ ಈಸ್ಟರ್ ವಾರದ್ದು. ನರಕ ಭೂಮಿಯೊಳಗಿನ ಲಾಳಿಕೆ. ಅದರ ತುದಿಯಲ್ಲಿ, ವಿಶ್ವದ ನಟ್ಟನಡುವೆ, ಸೈತಾನ ಹಿಮದಲ್ಲಿ ಹೂತು ನಿಂತಿದ್ದಾನೆ. ಅವನ ರೋಮ ಹಿಡಿದು ಇಳಿಯುತ್ತಿದ್ದ ಮಾರ್ಗದರ್ಶಿ ವರ್ಜಿಲ್ ಸೊಂಟದ ಹತ್ತಿರ ತಲೆಕೆಳಗಾಗಿ ತಿರುಗಿ ಹತ್ತತೊಡಗುತ್ತಾನೆ. ಡಾಂಟೆಗೆ ದಿಗ್ಭ್ರಮೆ. ಭೂಕೇಂದ್ರ ದಾಟಿದ ಮೇಲೆ ಇಳಿಜಾರು ಏರಾಗಬೇಕಲ್ಲವೆ! ಭೌತಶಾಸ್ತ್ರದ ಒಂದು ನಿಯಮವನ್ನು ಭಯಾನಕ ರಸದ ನಡುವೆ ಹೀಗೆ ಹೆಣೆದ ಮತ್ತೊಬ್ಬ ಕವಿ ಸಿಗುವುದು ಕಷ್ಟ. ಜೆರೂಸಲೇಮಿಗೆ ನೇರ ಎದುರು ಬದಿಯ ಸಮುದ್ರದಲ್ಲಿ ಶುದ್ಧೀಕರಣದ ಬೆಟ್ಟವಿದೆ, ಅದರ ನೆತ್ತಿಯಲ್ಲಿ ಏದೆನ್ ತೋಟ. ಅಲ್ಲಿಂದ ಡಾಂಟೆ ಪ್ರೀತಿಸಿದ ಬಿಯಾತ್ರಿಚೆ ಅವನನ್ನು ಗೋಳದಿಂದ ಗೋಳಕ್ಕೆ ಕರೆದೊಯ್ಯುತ್ತಾಳೆ.

ಇರುಳೆಂದರೆ ಮಧ್ಯಯುಗದವರಿಗೆ ಭೂಮಿಯ ನೆರಳು ಮಾತ್ರ. ಶಂಕುವಿನಂತೆ ಚಾಚಿಕೊಂಡ ಆ ನೆರಳಿನ ಮೊನೆ ಶುಕ್ರಗೋಳದಲ್ಲಿ ಮುಗಿಯುತ್ತದೆ ಎಂಬುದು ಡಾಂಟೆಯ ಲೆಕ್ಕ. ಆದ್ದರಿಂದ ಚಂದ್ರ, ಬುಧ, ಶುಕ್ರ ಗೋಳಗಳಲ್ಲಿ ಕಾಣಿಸಿಕೊಳ್ಳುವ ಪುಣ್ಯಾತ್ಮರಲ್ಲಿ ಒಂದೊಂದು ಲೌಕಿಕ ಕೊರೆ ಉಳಿದಿದೆ: ಮುರಿದ ವ್ರತ, ಕೀರ್ತಿಯ ಹಂಬಲ, ಅತಿಯಾದ ಪ್ರೇಮ. ಸೂರ್ಯಗೋಳದಿಂದಾಚೆಗೆ ನೆರಳೇ ಇಲ್ಲ. ಖಗೋಳದ ಅಳತೆಯೂ ನೀತಿಯ ಅಳತೆಯೂ ಇಲ್ಲಿ ಬೇರೆಬೇರೆಯಾಗಿ ಉಳಿದಿಲ್ಲ. ಮುಂದಿನ ಅದ್ಭುತ ಸಾಹಿತ್ಯ ಡಾಂಟೆಯಿಂದ ಕಲಿತ ಮೊದಲ ಪಾಠ ಇದು. ಜಾಗವೆಂದರೆ ಅರ್ಥ.

ಎರಡನೆಯ ಪಾಠ ‘ಪ್ಯಾರಡೈಸೋ’ದ 28ನೆಯ ಸರ್ಗದಲ್ಲಿದೆ. ಆದಿಚಾಲಕ ಗೋಳದಲ್ಲಿ ನಿಂತು ಡಾಂಟೆ ಕಣ್ಣು ಕುಕ್ಕುವ ಒಂದು ಬಿಂದುವನ್ನೂ ಅದರ ಸುತ್ತ ಒಂಬತ್ತು ಉರಿವ ವರ್ತುಲಗಳನ್ನೂ ಕಾಣುತ್ತಾನೆ. ಬಿಂದುವಿಗೆ ಅತಿ ಹತ್ತಿರದ ವರ್ತುಲ ಅತಿ ಚಿಕ್ಕದು, ಅತಿ ವೇಗದ್ದು. ಇದುವರೆಗೆ ನೋಡಿದ ವಿಶ್ವಕ್ಕೆ ತೀರಾ ಉಲ್ಟಾ: ಅಲ್ಲಿ ಹೊರಗಿನದೇ ದೊಡ್ಡದು, ವೇಗದ್ದು. ಬಿಂದು ದೇವರು, ವರ್ತುಲಗಳು ದೇವದೂತರು. ನಾವು ಅಂಚೆಂದುಕೊಂಡದ್ದು ನಿಜವಾದ ಕೇಂದ್ರ. ಕೇಂದ್ರವೆಂದುಕೊಂಡ ಭೂಮಿ ಅಂಚು. ಈ ಚಿತ್ರ ಗಣಿತದ ತ್ರಿವಿಮಿತೀಯ ಗೋಳಕ್ಕೆ ಹೊಂದುತ್ತದೆ ಎಂದು ಮಾರ್ಕ್ ಪೀಟರ್ಸನ್ ಎಂಬ ಭೌತವಿಜ್ಞಾನಿ 1979ರಲ್ಲಿ ತೋರಿಸಿದ. ಕವಿಗೆ ಆ ಗಣಿತ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಇದೇ ಸರ್ಗದಲ್ಲಿ ತಮಾಷೆಯೂ ಇದೆ: ದೇವದೂತರ ವರ್ಗಗಳನ್ನು ಬೇರೆ ಕ್ರಮದಲ್ಲಿ ಹೇಳಿದ್ದ ಪೋಪ್ ಗ್ರೆಗರಿ ಸ್ವರ್ಗಕ್ಕೆ ಬಂದು ಕಣ್ಣು ಬಿಟ್ಟಾಗ ತನ್ನ ತಪ್ಪಿಗೆ ತಾನೇ ನಕ್ಕನಂತೆ.

ಮಾದರಿ ಬಿದ್ದ ಮೇಲೆ

ಕೋಪರ್ನಿಕಸನ ಗ್ರಂಥ ಬಂದದ್ದು 1543ರಲ್ಲಿ. 1572ರಲ್ಲಿ ಬದಲಾಗಬಾರದ ಆಕಾಶದಲ್ಲಿ ಹೊಸ ನಕ್ಷತ್ರವೊಂದು ಬೆಳಗಿದ್ದನ್ನು ಟೈಕೋ ಬ್ರಾಹೆ ಅಳೆದು ದಾಖಲಿಸಿದ. 1610ರಲ್ಲಿ ಗೆಲಿಲಿಯೋ ದೂರದರ್ಶಕದಲ್ಲಿ ಚಂದ್ರನ ಬೆಟ್ಟಗಳನ್ನೂ ಗುರುವಿನ ಉಪಗ್ರಹಗಳನ್ನೂ ಕಂಡ ವರದಿ ಪ್ರಕಟಿಸಿದ. ಸ್ಫಟಿಕದಂಥ ಆ ಗೋಳಗಳು ಒಡೆದವು. ಕವಿ ಜಾನ್ ಡನ್ 1611ರಲ್ಲಿಯೇ ಜಗತ್ತು ಚೂರುಚೂರಾಯಿತೆಂದು ಹಲುಬಿದ. ಆ ಅನಂತ ಅವಕಾಶದ ಮೌನ ತನ್ನನ್ನು ಹೆದರಿಸುತ್ತದೆಂಬ ಮಾತು ಪ್ಯಾಸ್ಕಲನ ಟಿಪ್ಪಣಿಗಳಲ್ಲಿದೆ. ಈ ‘ಮೌನ’ವನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಲೂಯಿಸ್ ಅದಕ್ಕೆ ಉತ್ತರ ಕೊಡುತ್ತಾನೆ.

ಸಂಧಿಕಾಲದ ಕವಿ ಮಿಲ್ಟನ್. ಇಟಲಿಯಲ್ಲಿ ಮುದಿ ಗೆಲಿಲಿಯೋನನ್ನು ಕಂಡು ಬಂದವನು. ಆದರೂ ‘ಪ್ಯಾರಡೈಸ್ ಲಾಸ್ಟ್’ನಲ್ಲಿ (1667) ಗೋಳಗಳ ವಿಶ್ವವನ್ನೇ ಚಿನ್ನದ ಸರಪಳಿಯಲ್ಲಿ ಸ್ವರ್ಗದಿಂದ ತೂಗುಬಿಟ್ಟ. ಸೂರ್ಯ ಸುತ್ತುತ್ತಾನೋ ಭೂಮಿಯೋ ಎಂದು ಆದಾಮ ಕೇಳಿದರೆ ದೇವದೂತ ರಾಫೆಲ್ ಎರಡನ್ನೂ ವಿವರಿಸಿ, ಯಾವುದನ್ನೂ ಖಚಿತಪಡಿಸದೆ ಜಾರಿಕೊಳ್ಳುತ್ತಾನೆ. ಮುಂದಿನ ಎರಡು ಶತಮಾನಗಳಲ್ಲಿ ಹಳೆಯ ಆಕಾಶ ಸಾಹಿತ್ಯದಲ್ಲಿ ಮಂಕಾಯಿತು. 19ನೆಯ ಶತಮಾನದ ಜಾರ್ಜ್ ಮ್ಯಾಕ್‌ಡೊನಾಲ್ಡ್ ಕ್ರೈಸ್ತ ಅದ್ಭುತ ಕಥನದ ಪಿತಾಮಹನೇನೋ ಹೌದು. ಆದರೆ ಆತನ ಸಾಲ ಜರ್ಮನ್ ರೊಮ್ಯಾಂಟಿಕರದ್ದು, ಗೋಳಗಳದ್ದಲ್ಲ.

ಲೂಯಿಸ್: ಮೌನ ಯಾರದು?

ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಕ್ಲೈವ್ ಸ್ಟೇಪಲ್ಸ್ ಲೂಯಿಸ್ (1898–1963) ಆಕ್ಸ್‌ಫರ್ಡಿನಲ್ಲಿ ಮಧ್ಯಯುಗದ ಸಾಹಿತ್ಯ ಕಲಿಸುತ್ತಿದ್ದ ಅಧ್ಯಾಪಕ. ತನ್ನ ಉಪನ್ಯಾಸಗಳನ್ನು ಆಧರಿಸಿ ಬರೆದ ‘ದಿ ಡಿಸ್ಕಾರ್ಡೆಡ್ ಇಮೇಜ್’ ಆತ ತೀರಿಕೊಂಡ ಮರುವರ್ಷ, 1964ರಲ್ಲಿ, ಹೊರಬಂತು. ಈ ವಿಷಯಕ್ಕೆ ಇಂದಿಗೂ ಅದಕ್ಕಿಂತ ಚೆಲುವಾದ ಪ್ರವೇಶವಿಲ್ಲ. ಹಳೆಯ ಮಾದರಿ ಸುಳ್ಳೆಂಬುದರಲ್ಲಿ ಲೂಯಿಸನಿಗೆ ಸಂಶಯವಿರಲಿಲ್ಲ. ಅದನ್ನು ಆತ ಮೆಚ್ಚಿದ್ದು ಒಂದು ಕಲಾಕೃತಿಯಾಗಿ. ಆಧುನಿಕ ಮನುಷ್ಯ ರಾತ್ರಿ ತಲೆಯೆತ್ತಿದಾಗ ಹೊರಗೆ ನೋಡುತ್ತಾನೆ, ಮಧ್ಯಯುಗದವನು ಒಳಗೆ ನೋಡುತ್ತಿದ್ದ ಎಂಬುದು ಆತನ ವ್ಯಾಖ್ಯಾನದ ತಿರುಳು.

1930ರ ದಶಕದಲ್ಲಿ ಲೂಯಿಸನೂ ಆತನ ಗೆಳೆಯ ಟೋಲ್ಕಿನ್ನನೂ ಒಂದು ಒಪ್ಪಂದ ಮಾಡಿಕೊಂಡರು: ಒಬ್ಬ ಆಕಾಶಯಾನದ ಕಥೆ ಬರೆಯಬೇಕು, ಮತ್ತೊಬ್ಬ ಕಾಲಯಾನದ್ದು. ಟೋಲ್ಕಿನ್ನನದು ಅರ್ಧಕ್ಕೆ ನಿಂತಿತು. ಲೂಯಿಸನದು ‘ಔಟ್ ಆಫ್ ದಿ ಸೈಲೆಂಟ್ ಪ್ಲಾನೆಟ್’ (1938) ಆಯಿತು. ಇದರಲ್ಲಿ ರ‍್ಯಾನ್ಸಮ್ ಎಂಬ ಭಾಷಾಶಾಸ್ತ್ರಜ್ಞನನ್ನು ಅಪಹರಿಸಿ ಕುಜಗ್ರಹಕ್ಕೆ ಒಯ್ಯುತ್ತಾರೆ. ಎಚ್. ಜಿ. ವೆಲ್ಸ್‌ನಂಥವರನ್ನು ಓದಿ ಬೆಳೆದ ಅವನು ಕತ್ತಲೆಯ, ಹೆಪ್ಪುಗಟ್ಟಿಸುವ ಶೂನ್ಯಕ್ಕೆ ಹೆದರಿದ್ದಾನೆ. ಕಿಟಕಿಯಾಚೆ ಕಾಣುವುದು ಬೆಳಕಿನ ಕಡಲು. ಇದು ಡಾಂಟೆಯ ಆಕಾಶ, ನೆರಳಿನ ಶಂಕುವಿನಿಂದ ಹೊರಬಂದವನು ಕಾಣುವ ಆಕಾಶ. ಶೂನ್ಯವೆಂಬ ಹೆಸರೇ ತಪ್ಪು, ಹಳಬರು ‘ಸ್ವರ್ಗ’ವೆಂದದ್ದೇ ಸರಿ ಎಂದು ಅವನಿಗೆ ಹೊಳೆಯುತ್ತದೆ.

ಪ್ರತಿ ಗ್ರಹಕ್ಕೂ ಒಬ್ಬ ‘ಒಯಾರ್ಸಾ’ ಇದ್ದಾನೆ, ಗ್ರಹವನ್ನಾಳುವ ಚೇತನ. ಈ ಪದವನ್ನು ಲೂಯಿಸ್ ಎತ್ತಿಕೊಂಡದ್ದು 12ನೆಯ ಶತಮಾನದ ಬರ್ನಾರ್ಡಸ್ ಸಿಲ್ವೆಸ್ಟ್ರಿಸ್ ಬರೆದ ‘ಕಾಸ್ಮೊಗ್ರಾಫಿಯ’ದಿಂದ. ಕಾದಂಬರಿಯ ಕೊನೆಯಲ್ಲಿ ಆ ಪದದ ಬಗ್ಗೆ ವಿದ್ವಾಂಸರ ಪತ್ರವ್ಯವಹಾರವನ್ನೂ ನಾಟಕವಾಡಿ ಸೇರಿಸಿದ್ದಾನೆ. ಎಲ್ಲ ಗ್ರಹಗಳೂ ಒಂದಕ್ಕೊಂದು ಮಾತಾಡುತ್ತವೆ, ಭೂಮಿಯೊಂದನ್ನು ಬಿಟ್ಟು. ಅದರ ಒಯಾರ್ಸಾ ದಂಗೆಯೆದ್ದು ಕೆಟ್ಟವನು. ಅವನನ್ನು ಚಂದ್ರನ ಗಡಿಯೊಳಗೆ ಮುತ್ತಿಗೆ ಹಾಕಿ ಕೂಡಿಡಲಾಗಿದೆ. ಅರಿಸ್ಟಾಟಲನ ಚಂದ್ರರೇಖೆಯನ್ನೂ ವಾಯುಮಂಡಲದ ಅಧಿಪತಿಯನ್ನು ಕುರಿತ ಸಂತ ಪೌಲನ ಮಾತನ್ನೂ ಒಂದೇ ಕಟ್ಟಿನಲ್ಲಿ ಹೀಗೆ ಕೂಡಿಸಿದ್ದು ಲೂಯಿಸನ ಕುಶಲತೆ. ಪ್ಯಾಸ್ಕಲನಿಗೆ ಹೆದರಿಕೆ ಹುಟ್ಟಿಸಿದ ಮೌನ ಆಕಾಶದ್ದಲ್ಲ, ನಮ್ಮದು. ಕಾದಂಬರಿಯ ಹೆಸರು ಹೇಳುವುದೂ ಅದನ್ನೇ.

‘ಪೆರೆಲಾಂಡ್ರ’ (1943) ಶುಕ್ರಗ್ರಹದಲ್ಲಿ ನಡೆಯುವ, ಏದೆನ್ ತೋಟದ ಎರಡನೆಯ ಪರೀಕ್ಷೆ. ಇಡೀ ಸೃಷ್ಟಿಯನ್ನು ಮಹಾನರ್ತನವಾಗಿ ತೋರಿಸುವ ಅದರ ಕೊನೆಯ ಅಧ್ಯಾಯ ಗೋಳಗಳ ಕುಣಿತದ ಆಧುನಿಕ ರೂಪ. ಮೂರನೆಯದಾದ ‘ದಟ್ ಹಿಡಿಯಸ್ ಸ್ಟ್ರೆಂತ್’ (1945) ಸಡಿಲವಾದ ಪುಸ್ತಕ. ಆರ್ಥರ್ ರಾಜನ ಕಥೆಗಳ ಮಾಂತ್ರಿಕ ಮರ್ಲಿನನನ್ನೂ ವಿಶ್ವವಿದ್ಯಾಲಯದ ರಾಜಕೀಯವನ್ನೂ ಒಂದೇ ಹೆಗಲ ಮೇಲೆ ಹೊತ್ತು ಏದುಸಿರು ಬಿಡುತ್ತದೆ. ಆದರೂ ಗ್ರಹದೇವತೆಗಳು ಇಂಗ್ಲೆಂಡಿನ ಒಂದು ಹಳ್ಳಿಮನೆಗೆ ಇಳಿದುಬರುವ ಅಧ್ಯಾಯಕ್ಕಾಗಿ ಅದನ್ನು ಓದಬೇಕು. ಬುಧ ಬಂದಾಗ ಅಡುಗೆಮನೆಯಲ್ಲಿದ್ದವರ ಮಾತು ಶ್ಲೇಷೆಗಳಿಂದ ಮಿಂಚತೊಡಗುತ್ತದೆ. ಗುರು ಬಂದಾಗ ಮನೆ ಹಬ್ಬವಾಗುತ್ತದೆ.

ನಾರ್ನಿಯಾದ ಏಳು ಕಥೆಗಳಲ್ಲಿ (1950–56) ಇದೆಲ್ಲ ಮಕ್ಕಳಿಗೆ ಎಟುಕುವ ಎತ್ತರಕ್ಕೆ ಇಳಿದಿದೆ. ನಾರ್ನಿಯಾದ ಲೋಕ ಚಪ್ಪಟೆ. ಇದು ಮಧ್ಯಯುಗದ ವಿದ್ವಾಂಸರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಅಲ್ಲಿನ ನಕ್ಷತ್ರಗಳು ವ್ಯಕ್ತಿಗಳು. ‘ದಿ ವಾಯೇಜ್ ಆಫ್ ದಿ ಡಾನ್ ಟ್ರೆಡರ್’ನಲ್ಲಿ (1952) ರಮಾಂಡು ಎಂಬ ನಿವೃತ್ತ ನಕ್ಷತ್ರ ಸಿಗುತ್ತಾನೆ. ಹಕ್ಕಿಯೊಂದು ದಿನವೂ ಸೂರ್ಯನಿಂದ ತರುವ ಬೆಂಕಿಹಣ್ಣು ತಿಂದು ಚಿಕ್ಕವನಾಗುತ್ತಿದ್ದಾನೆ, ಮತ್ತೆ ಮೂಡಿ ನರ್ತನಕ್ಕೆ ಸೇರಲು. ನಮ್ಮ ಲೋಕದಲ್ಲಿ ನಕ್ಷತ್ರವೆಂದರೆ ಉರಿವ ಅನಿಲದ ಉಂಡೆ ಎಂದು ಹುಡುಗ ಯೂಸ್ಟೇಸ್ ಹೇಳಿದಾಗ, ಅದು ನಕ್ಷತ್ರ ಯಾವುದರಿಂದ ಆಗಿದೆ ಎಂಬುದಕ್ಕೆ ಉತ್ತರವೇ ಹೊರತು ನಕ್ಷತ್ರವೆಂದರೇನು ಎಂಬುದಕ್ಕಲ್ಲ ಎಂಬರ್ಥದ ಮಾತು ಅವನಿಗೆ ಸಿಗುತ್ತದೆ. ಹಳೆಯ ಮಾದರಿಯ ಪರವಾಗಿ ಲೂಯಿಸ್ ಮಂಡಿಸಿದ ಇಡೀ ವಾದ ಆ ಒಂದು ಉತ್ತರದಲ್ಲಿದೆ.

ಮೈಕೆಲ್ ವಾರ್ಡ್ ‘ಪ್ಲಾನೆಟ್ ನಾರ್ನಿಯಾ’ (2008) ಎಂಬ ಗ್ರಂಥದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಏಳು ಪುಸ್ತಕಗಳು ಏಳು ಗ್ರಹಗಳಂತೆ: ಚಳಿಗಾಲ ಕಳೆದು ಹಬ್ಬ ಬರುವ ಮೊದಲ ಕಥೆ ಗುರುವಿನದು, ಯುದ್ಧದ ‘ಪ್ರಿನ್ಸ್ ಕ್ಯಾಸ್ಪಿಯನ್’ ಕುಜನದು, ಚಿನ್ನ ಮತ್ತು ಬೆಳಕಿನ ಸಮುದ್ರಯಾನ ಸೂರ್ಯನದು, ರಾತ್ರಿಯ ಹುಚ್ಚು ಹಿಡಿದ ರಾಜಕುಮಾರನ ‘ಸಿಲ್ವರ್ ಚೇರ್’ ಚಂದ್ರನದು, ಅವಳಿ ಸೋದರರ ಕಥೆ ಬುಧನದು, ಸೃಷ್ಟಿಯ ಕಥೆ ಶುಕ್ರನದು, ಪ್ರಳಯದ ‘ಲಾಸ್ಟ್ ಬ್ಯಾಟಲ್’ ಶನಿಯದು. ಲೂಯಿಸ್ ಇಂಥ ಯೋಜನೆಯನ್ನು ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲವಾದ್ದರಿಂದ ಹಲವು ವಿಮರ್ಶಕರು ಇದನ್ನು ಒಪ್ಪುವುದಿಲ್ಲ. ಕೆಲವು ಜೋಡಣೆಗಳು, ಮುಖ್ಯವಾಗಿ ಚಂದ್ರ ಮತ್ತು ಸೂರ್ಯರವು, ಓದುತ್ತಿದ್ದಂತೆ ನಂಬಿಕೆ ಹುಟ್ಟಿಸುತ್ತವೆ. ಶುಕ್ರನದನ್ನು ಎಳೆದು ಕಟ್ಟಿದಂತಿದೆ. ಆದರೆ ಲೂಯಿಸ್ 1935ರಲ್ಲಿಯೇ ಏಳು ಗ್ರಹಗಳ ಮೇಲೆ ದೀರ್ಘ ಕವನ ಬರೆದಿದ್ದನೆಂಬುದು ವಾರ್ಡನ ಪಕ್ಷಕ್ಕೆ ಬಲ.

ಟೋಲ್ಕಿನ್, ವಿಲಿಯಮ್ಸ್ ಮತ್ತು ಇತರರು

ಕ್ಯಾಥೊಲಿಕನಾದ ಜೆ. ಆರ್. ಆರ್. ಟೋಲ್ಕಿನ್ (1892–1973) ಗೋಳಗಳನ್ನು ಬಿಟ್ಟು ಅವುಗಳ ಸಂಗೀತವನ್ನು ಇಟ್ಟುಕೊಂಡ. ‘ಸಿಲ್ಮರಿಲಿಯನ್’ (1977) ಆರಂಭವಾಗುವುದೇ ಐನೂರ್ ಎಂಬ ಚೇತನಗಳ ಮೇಳದಿಂದ. ಜಗತ್ತು ಆ ಹಾಡಿನ ಮೂರ್ತರೂಪ. ಅವರಲ್ಲೊಬ್ಬನಾದ ಮೆಲ್ಕೋರ್ ಅಪಸ್ವರ ಎತ್ತುತ್ತಾನೆ, ಆದರೆ ಅದೂ ಮೂಲ ರಾಗದೊಳಕ್ಕೆ ಸೆಳೆದುಕೊಳ್ಳಲ್ಪಡುತ್ತದೆ. ಸೂರ್ಯ ಚಂದ್ರರು ಚೇತನಗಳು ನಡೆಸುವ ನೌಕೆಗಳು. ಬೆಳ್ಳಿಚುಕ್ಕೆ ಎಯಾರೆಂಡಿಲ್ ಎಂಬ ನಾವಿಕ. ಆ ಹೆಸರು ಟೋಲ್ಕಿನ್ನನಿಗೆ ಸಿಕ್ಕಿದ್ದು ಕ್ರಿಸ್ತನನ್ನು ಕುರಿತ ಪ್ರಾಚೀನ ಇಂಗ್ಲಿಷ್ ಕಾವ್ಯದಲ್ಲಿ. ಎಯಾರೆಂಡಿಲ್‌ನ ಮೇಲಿನ ಮೊದಲ ಪದ್ಯವನ್ನು ಟೋಲ್ಕಿನ್ 1914ರಲ್ಲಿ ಬರೆದ. ಆತನ ಲೋಕ ಮೊದಲು ಚಪ್ಪಟೆಯಾಗಿದ್ದು, ನೂಮೆನೋರ್ ದ್ವೀಪದ ಪತನದ ನಂತರ ದುಂಡಾಗುತ್ತದೆ. ಎಲ್ಫ್‌ಗಳಿಗೆ ಮಾತ್ರ ಹಳೆಯ ನೇರ ದಾರಿ ತೆರೆದಿರುತ್ತದೆ. ಹಳೆಯ ವಿಶ್ವಚಿತ್ರ ಕಳೆದುಹೋದ ನೋವನ್ನು ಕಥೆಯೊಳಗಿನ ಘಟನೆಯಾಗಿಯೇ ಮಾಡಿದ ಲೇಖಕ ಈತನೊಬ್ಬನೇ. ಕೊನೆಯ ವರ್ಷಗಳಲ್ಲಿ ಈ ಚಪ್ಪಟೆ ಲೋಕ ಆತನನ್ನು ಕಾಡಿತು. ಮೊದಲಿನಿಂದಲೂ ದುಂಡಾದ ಭೂಮಿಯಿಟ್ಟು ಎಲ್ಲವನ್ನೂ ತಿದ್ದಲು ಹೊರಟು ಅರ್ಧಕ್ಕೆ ನಿಲ್ಲಿಸಿದ. ನಿಲ್ಲಿಸಿದ್ದು ಒಳ್ಳೆಯದಾಯಿತು.

ಚಾರ್ಲ್ಸ್ ವಿಲಿಯಮ್ಸ್ (1886–1945) ಆಕಾಶಕ್ಕೆ ಏರಲಿಲ್ಲ, ಆಕಾಶವನ್ನೇ ಇಳಿಸಿದ. ‘ದಿ ಪ್ಲೇಸ್ ಆಫ್ ದಿ ಲಯನ್’ನಲ್ಲಿ (1931) ಪ್ಲೇಟೋನ ಮೂಲರೂಪಗಳು ಇಂಗ್ಲೆಂಡಿನ ಹಳ್ಳಿಗಾಡಿಗೆ ನುಗ್ಗುತ್ತವೆ, ಸುತ್ತಮುತ್ತಲ ಚಿಟ್ಟೆಗಳೆಲ್ಲ ಒಂದು ಮಹಾ ಚಿಟ್ಟೆಯೊಳಗೆ ಹೋಗಿ ಸೇರುತ್ತವೆ. ಮಧ್ಯಯುಗದ ತತ್ತ್ವಜ್ಞಾನಿ ಅಬೆಲಾರ್ಡನನ್ನು ಕುರಿತು ಸಂಶೋಧನೆ ಮಾಡುತ್ತಿರುವ ನಾಯಕಿಗೆ ತನ್ನ ಪ್ರಬಂಧದ ವಿಷಯ ನಿಜವೂ ಆಗಿರಬಹುದೆಂಬ ಕಲ್ಪನೆಯೇ ಇಲ್ಲ. ಈ ಕಾದಂಬರಿ ಓದಿ ಲೂಯಿಸ್ 1936ರಲ್ಲಿ ಮೆಚ್ಚಿ ಬರೆದ; ಅದೇ ಹೊತ್ತಿಗೆ ವಿಲಿಯಮ್ಸ್ ಲೂಯಿಸನ ‘ಅಲಿಗರಿ ಆಫ್ ಲವ್’ನ ಅಚ್ಚಿನ ಪ್ರತಿ ನೋಡುತ್ತಿದ್ದ. ವಿಲಿಯಮ್ಸನ ‘ದಿ ಫಿಗರ್ ಆಫ್ ಬಿಯಾಟ್ರಿಸ್’ (1943) ಓದಿದ ಮೇಲೆ, ಪತ್ತೇದಾರಿ ಕಥೆಗಳಿಗೆ ಹೆಸರಾಗಿದ್ದ ಡೊರೊಥಿ ಸೇಯರ್ಸ್ ಡಾಂಟೆಯ ಅನುವಾದಕ್ಕೆ ಇಳಿದಳು. 1957ರಲ್ಲಿ ಆಕೆ ತೀರಿಕೊಂಡಾಗ ‘ಪ್ಯಾರಡೈಸೋ’ ಮುಗಿದಿರಲಿಲ್ಲ. ಬಾರ್ಬರಾ ರೆನಾಲ್ಡ್ಸ್ ಅದನ್ನು ಪೂರೈಸಿ 1962ರಲ್ಲಿ ಪ್ರಕಟಿಸಿದಳು.

ಅದೇ ವರ್ಷ ಅಮೆರಿಕದ ಮೆಡಲೀನ್ ಲೆಂಗಲ್ ‘ಎ ರಿಂಕಲ್ ಇನ್ ಟೈಮ್’ ಪ್ರಕಟಿಸಿದಳು. ಕತ್ತಲೆಯೊಡನೆ ಕಾದಾಡಿ ತನ್ನ ನಕ್ಷತ್ರಜನ್ಮವನ್ನೇ ತೆತ್ತ ಮುದುಕಿಯೊಬ್ಬಳು ಅದರಲ್ಲಿದ್ದಾಳೆ. ಹಿನ್ನೆಲೆಯ ಭೌತಶಾಸ್ತ್ರ ಐನ್‌ಸ್ಟೈನನ ನಂತರದ್ದಾದರೂ ಈ ನಕ್ಷತ್ರ ರಮಾಂಡುವಿನ ಬಳಗದ್ದೇ. ವಿರೋಧದ ದನಿಯೂ ಈ ಪರಂಪರೆಗೆ ಸೇರಿದ್ದು. ನಾರ್ನಿಯಾವನ್ನು ಕಟುವಾಗಿ ಟೀಕಿಸಿದ ಫಿಲಿಪ್ ಪುಲ್ಮನ್ ‘ಹಿಸ್ ಡಾರ್ಕ್ ಮಟೀರಿಯಲ್ಸ್’ (1995–2000) ತ್ರಿವಳಿಗೆ ಹೆಸರನ್ನೇ ಮಿಲ್ಟನ್ನನಿಂದ ಪಡೆದ. ದೇವದೂತರು, ಹಲವು ಜಗತ್ತುಗಳು, ಸ್ವರ್ಗದ ಯುದ್ಧ ಎಲ್ಲವನ್ನೂ ಉಳಿಸಿಕೊಂಡು ಸಿಂಹಾಸನದಲ್ಲಿ ಕುಳಿತವನನ್ನು ಮಾತ್ರ ಮೋಸಗಾರನನ್ನಾಗಿ ಮಾಡಿದ.

ಹೊಸದಾಗಿ ಓದತೊಡಗುವವರು ಡಾಂಟೆಯಿಂದ ಅಲ್ಲ, ರಮಾಂಡು ಇರುವ ಸಮುದ್ರಯಾನದ ಕಥೆಯಿಂದ ಶುರುಮಾಡುವುದು ಲೇಸು; ಆಮೇಲೆ ‘ಡಿಸ್ಕಾರ್ಡೆಡ್ ಇಮೇಜ್’, ಕೊನೆಗೆ ‘ಪ್ಯಾರಡೈಸೋ’. ಓದಿಗೂ ಮೊದಲು ನಕ್ಷತ್ರ ತುಂಬಿದ ರಾತ್ರಿ ಅರ್ಧ ಗಂಟೆ ಹೊರಗೆ ಅಡ್ಡಾಡಿ, ಆಕಾಶವನ್ನು ಹಳಬರಂತೆ ನೋಡಲು ಯತ್ನಿಸಿ ಎಂದು ಲೂಯಿಸನೇ ತನ್ನ ಓದುಗರಿಗೆ ಹೇಳಿದ್ದಾನೆ.